ಬಿಚ್ಚಿ ಮತ್ತೆ ಕಟ್ಟಬಹುದಾದ ಮರ: ಜಪಾನಿನ ಕನವಾ ಜೋಡಣೆ ಮಾಡುವ ಸಮಗ್ರ ಮಾರ್ಗದರ್ಶಿ

ಜಪಾನಿನ ಹಳೇ ಮನೆಗಳಲ್ಲಿ ಕಂಬದ ಬುಡ ಕೊಳೆತರೆ ಇಡೀ ಕಂಬ ಬದಲಿಸಬೇಕಾಗಿಲ್ಲ. ಕೊಳೆತ ಒಂದೆರಡು ಅಡಿಯನ್ನು ಮಾತ್ರ ಕತ್ತರಿಸಿ ತೆಗೆಯುತ್ತಾರೆ. ಅಷ್ಟೇ ಉದ್ದದ ಹೊಸ ಮರವನ್ನು ಪಕ್ಕದಿಂದ ಕೂರಿಸಿ, ಮರದ ಕೀಲು ಹೊಡೆದು ಬಿಗಿ ಮಾಡುತ್ತಾರೆ. ಮೇಲಿನ ತೊಲೆ, ಸೂರು ಇದ್ದ ಹಾಗೇ ಇರುತ್ತವೆ. ಈ ರಿಪೇರಿಗೆ ನೆತ್ಸುಗಿ ಅಂತಾರೆ. ಅದಕ್ಕೆ ಬಳಸುವ ಹೆಸರಾಂತ ಜೋಡಣೆ ಕನವಾ ತ್ಸುಗಿ.

ಪರಿಸರಕ್ಕೆ ಒಳ್ಳೆಯದು ಅಂತ ಈಗ ಎಲ್ಲ ಕಡೆ ಮರದ ಕಟ್ಟಡದ ಮಾತು ಕೇಳುತ್ತೇವೆ. ಮರ ಬಳಸಿದ ಮಾತ್ರಕ್ಕೆ ಕೆಲಸ ಆಗಲ್ಲ. ಮರದ ಒಣ ತೂಕದಲ್ಲಿ ಸುಮಾರು ಅರ್ಧ ಇಂಗಾಲ ಇರುತ್ತದೆ. ಮರ ಕೊಳೆತರೆ ಅಥವಾ ಸುಟ್ಟರೆ ಅದು ಮತ್ತೆ ಗಾಳಿಗೇ ಹೋಗುತ್ತದೆ. ಹಾಗಾಗಿ ಮರ ಎಷ್ಟು ವರ್ಷ ಕೆಲಸದಲ್ಲಿ ಉಳಿಯುತ್ತದೆ ಅನ್ನುವುದೇ ಮುಖ್ಯ. ಅಂಟು ಬಳಿದು ನೂರಾರು ಮೊಳೆ ಹೊಡೆದ ತೊಲೆಯನ್ನು ಕಟ್ಟಡ ಕೆಡವುವಾಗ ಹಾಳಾಗದಂತೆ ಬಿಡಿಸುವುದು ಬಹಳ ಕಷ್ಟ. ಕೀಲು ತೆಗೆದರೆ ಬಿಚ್ಚಿಕೊಳ್ಳುವ ತೊಲೆ ಇನ್ನೊಂದು ಕಟ್ಟಡಕ್ಕೆ ಹೋಗುತ್ತದೆ.

ಇಸೆ ದೇಗುಲವನ್ನೇ ನೋಡಿ. ಅದನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಹಿಂದಿನ ಸಲ 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಇಷ್ಟೊಂದು ಮರ ದಂಡ ಅಲ್ವಾ ಅಂತ ಅನ್ನಿಸಬಹುದು. ಆದರೆ ಹಳೇ ದೇಗುಲದ ಮುಖ್ಯ ಕಂಬಗಳು ದೇಗುಲಕ್ಕೆ ಹೋಗುವ ಉಜಿ ಸೇತುವೆಯ ಎರಡು ತುದಿಯ ತೋರಿ ದ್ವಾರಗಳಾಗುತ್ತವೆ. ಅಲ್ಲಿ 20 ವರ್ಷ ನಿಂತ ಮೇಲೆ ಬೇರೆ ಊರಿನ ದ್ವಾರಗಳಾಗುತ್ತವೆ. ನಾರಾ ಪ್ರಾಂತ್ಯದ ಹೊರ್ಯೂಜಿ ಬೌದ್ಧ ದೇವಾಲಯ ಇನ್ನೊಂದು ದಾರಿ ತೋರಿಸುತ್ತದೆ. ಅಲ್ಲಿರುವುದು ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳು. 1934ರಲ್ಲಿ ಶುರುವಾದ ದೊಡ್ಡ ರಿಪೇರಿಯಲ್ಲಿ ಅವನ್ನು ಬಿಚ್ಚಿ, ಕೆಟ್ಟ ಭಾಗ ಮಾತ್ರ ಬದಲಿಸಿ, ಮತ್ತೆ ಜೋಡಿಸಿದರು. ಬಿಚ್ಚಲು ಬರುವ ಹಾಗೆ ಕಟ್ಟಿದ್ದರಿಂದಲೇ ಅದು ಆಗಿದ್ದು.

ಕನವಾ ಜೋಡಣೆಯನ್ನು ಕೈಯಲ್ಲಿ ಮಾಡುವುದು ಹೇಗೆ, ಅದನ್ನು ಕಂಬದ ರಿಪೇರಿಗೆ ಬಳಸುವುದು ಹೇಗೆ, ಹೊಸ ಕಟ್ಟಡಕ್ಕೆ ಇದರಿಂದ ಏನು ತೆಗೆದುಕೊಳ್ಳಬಹುದು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಬಲ ಯಾವ ಕಡೆಯಿಂದ ಬರುತ್ತದೆ ನೋಡಿ

ಜಪಾನಿನ ಬಡಗಿಗಳು ಜೋಡಣೆಗಳನ್ನು ಎರಡು ಗುಂಪು ಮಾಡುತ್ತಾರೆ. ಮರದ ಉದ್ದ ಬೆಳೆಸಲು ತುದಿಗೆ ತುದಿ ಸೇರಿಸುವುದು ತ್ಸುಗಿತೆ. ಕಂಬಕ್ಕೆ ತೊಲೆ ಸೇರುವಂತೆ ಕೋನದಲ್ಲಿ ಸೇರಿಸುವುದು ಶಿಗುಚಿ. ಎರಡೂ ಸೇರಿ ನೂರಾರು ಬಗೆ ಇವೆ. ಎಲ್ಲವನ್ನೂ ಕಲಿಯುವ ಅಗತ್ಯ ಇಲ್ಲ.

ನೆಲದ ಮೇಲೆ ಮಲಗಿರುವ ಅಡಿಮರಕ್ಕೆ ಎಳೆತ ಕಡಿಮೆ, ಅಲ್ಲಿ ಅರಿ ಅಥವಾ ಕಾಮಾ ಅನ್ನುವ ಸರಳ ಜೋಡಣೆ ಸಾಕು. ಭಾರ ಹೊರುವ ತೊಲೆಗೆ ಓಕ್ಕಾಕೆ ದಾಯಿಸೆನ್ ಅನ್ನುವ ಜೋಡಣೆ ಒಳ್ಳೆಯದು, ಆದರೆ ಅದರಲ್ಲಿ ಒಂದು ತುಂಡನ್ನು ಇನ್ನೊಂದರ ಮೇಲಿನಿಂದ ಇಳಿಸಿ ಜಾರಿಸಬೇಕು. ಕಂಬ ನಿಂತಿರುವಾಗ ಅದಕ್ಕೆ ಜಾಗ ಸಿಗಲ್ಲ. ಕನವಾದಲ್ಲಿ ತುಂಡನ್ನು ಪಕ್ಕದಿಂದ ತಂದು ಸೇರಿಸಬಹುದು. ಎಳೆತ, ಒತ್ತಡ, ಬಾಗು ಎಲ್ಲದಕ್ಕೂ ಒಂದಷ್ಟು ತಡೆ ಕೊಡುತ್ತದೆ. ಕೀಲು ಹೊರಕ್ಕೆ ಹೊಡೆದರೆ ಬಿಚ್ಚುತ್ತದೆ. ಮೊದಲು ಕಲಿಯಲು ಇದನ್ನು ಆರಿಸಿದ್ದು ಇದಕ್ಕೇ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಯಾವ ಜೋಡಣೆಯೂ ಕತ್ತರಿಸದ ಮರದಷ್ಟು ಗಟ್ಟಿ ಅಲ್ಲ, ಅದರಲ್ಲೂ ಬಾಗುವ ಬಲಕ್ಕೆ. ತೊಲೆಯ ನಟ್ಟನಡುವೆ ಜೋಡಣೆ ಇಡಲೇಬೇಡಿ. ಜಪಾನಿನಲ್ಲಿ ತೊಲೆಯ ಜೋಡಣೆ ಕಂಬದಿಂದ ಸ್ವಲ್ಪವೇ ಆಚೆ ಬರುತ್ತದೆ. ಕೆಳಗಿನ ತುಂಡು ಕಂಬದ ಮೇಲಿಂದ ಗೇಣುದ್ದ ಮುಂದೆ ಚಾಚಿರುತ್ತದೆ, ಮೇಲಿನ ತುಂಡು ಅದರ ಮೇಲೆ ಕೂರುತ್ತದೆ.

ಹಂತ 2: ಮರ ಆರಿಸುವುದು

ಜಪಾನಿನಲ್ಲಿ ಕಂಬಕ್ಕೆ ಹಿನೋಕಿ ಮತ್ತು ಸುಗಿ, ದೇವಾಲಯದ ದೊಡ್ಡ ಕೆಲಸಕ್ಕೆ ಕೆಯಾಕಿ, ಕೀಲಿಗೆ ಕಾಶಿ ಅನ್ನುವ ಗಟ್ಟಿ ಓಕ್ ಬಳಸುತ್ತಾರೆ. ಹಿನೋಕಿಯನ್ನು ಹಡಗಿನಲ್ಲಿ ಇಲ್ಲಿಗೆ ತರಿಸಿ ಪರಿಸರಸ್ನೇಹಿ ಮನೆ ಅಂದರೆ ಅರ್ಥ ಇಲ್ಲ. ಕರ್ನಾಟಕದಲ್ಲಿ ಕಲಿಯುವವರು ಕಾಫಿ ತೋಟದ ಸಿಲ್ವರ್ ಓಕ್ ತುಂಡಿನಲ್ಲಿ ಅಭ್ಯಾಸ ಮಾಡಬಹುದು. ನಿಜವಾದ ಕೆಲಸಕ್ಕೆ ತೇಗ ಅಥವಾ ಹಲಸು ಇದೆ. ಕೀಲಿಗೆ ಜಾಲಿ ಚೆನ್ನಾಗಿ ಬರುತ್ತದೆ.

ಮರ ಒಣಗಿರಲೇಬೇಕು. ಹಸಿ ಮರದಲ್ಲಿ ಕೂದಲು ತೂರದಷ್ಟು ಬಿಗಿಯಾಗಿ ಮಾಡಿದ ಜೋಡಣೆ ಬೇಸಿಗೆ ಹೊತ್ತಿಗೆ ಸಡಿಲ ಆಗುತ್ತದೆ. ತೇವಾಂಶ 15% ಆಸುಪಾಸಿನಲ್ಲಿರಲಿ, ಕೀಲಿನ ಮರ ಅದಕ್ಕಿಂತ ಒಣಗಿರಲಿ. ಕೀಲು ಆಮೇಲೆ ಗಾಳಿಯ ತೇವ ಹೀರಿ ಉಬ್ಬಿದರೆ ಜೋಡಣೆ ಬಿಗಿಯಾಗುತ್ತದೆ, ಉಲ್ಟಾ ಆದರೆ ಕೀಲು ಉದುರುತ್ತದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಡ್ಡಕ್ಕೆ ಕುಗ್ಗುತ್ತದೆ, ಅದೂ ವರ್ಷದ ಉಂಗುರದ ಗುಂಟ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ತಿರುಳು ಒಳಗಿರುವ ಕಂಬ ಬಿರುಕು ಬಿಡುವುದು ಈ ವ್ಯತ್ಯಾಸದಿಂದಲೇ. ಅದಕ್ಕೆ ಜಪಾನಿನ ಬಡಗಿಗಳು ಗೋಡೆಯ ಕಡೆ ಬರುವ ಮುಖದಲ್ಲಿ ತಿರುಳಿನವರೆಗೆ ಒಂದು ಗರಗಸದ ಗೀರು ಮೊದಲೇ ಹಾಕಿಬಿಡುತ್ತಾರೆ. ಬಿರುಕು ಅಲ್ಲೇ ಬಾಯಿ ಬಿಡುತ್ತದೆ, ಕಾಣುವ ಮುಖ ಚೆನ್ನಾಗಿ ಉಳಿಯುತ್ತದೆ.

ಹೊರ್ಯೂಜಿಯ ಬಡಗಿಗಳ ಪರಂಪರೆಯಲ್ಲಿ, ಬೆಟ್ಟದ ದಕ್ಷಿಣದಲ್ಲಿ ಬೆಳೆದ ಮರ ಕಟ್ಟಡದ ದಕ್ಷಿಣಕ್ಕೆ ಅನ್ನುವ ಮಾತಿದೆ. ಆ ಪರಂಪರೆಯ ಹೆಸರಾಂತ ಬಡಗಿ ತ್ಸುನೆಕಾಝು ನಿಶಿಯೋಕಾ (1908–1995) ಇದನ್ನು ಒತ್ತಿ ಹೇಳುತ್ತಿದ್ದರು. ಟಿಂಬರ್ ಡಿಪೋದಲ್ಲಿ ಮರ ಕೊಳ್ಳುವ ನಮಗೆ ಅದು ಬೆಟ್ಟದ ಯಾವ ಮೈಯಲ್ಲಿ ಬೆಳೆದದ್ದು ಅಂತ ಗೊತ್ತಾಗಲ್ಲ. ಆದರೆ ಬೊಡ್ಡೆ ಯಾವುದು, ತುದಿ ಯಾವುದು, ಮರ ಯಾವ ಕಡೆ ಬಾಗಿದೆ ಅನ್ನುವುದನ್ನು ನೋಡಲು ಬರುತ್ತದೆ. ಕಂಬ ನಿಲ್ಲಿಸುವಾಗ ಬೊಡ್ಡೆ ಕೆಳಗೆ ಇರಲಿ. ತೊಲೆಯ ಉಬ್ಬಿದ ಬೆನ್ನು ಮೇಲಕ್ಕೆ ಇರಲಿ. ಜೋಡಣೆ ಬರುವ ಜಾಗದಲ್ಲಿ ಗಂಟು ಇದ್ದರೆ ಆ ತುಂಡು ಬೇಡ.

ಹಂತ 3: ಗೆರೆ ಹಾಕುವುದು

ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ. ಬೇಕಾದದ್ದು ಮೂಲೆಮಟ್ಟ, ಚೂಪಾದ ಗೀರುವ ಚಾಕು, ಶಾಯಿದಾರ. ಜಪಾನಿನಲ್ಲಿ ಶಾಯಿದಾರಕ್ಕೆ ಸುಮಿತ್ಸುಬೋ, ಮೂಲೆಮಟ್ಟಕ್ಕೆ ಸಾಶಿಗಾನೆ ಅಂತಾರೆ. ಮರದ ಅಂಚು ಎಂದೂ ಪೂರ್ತಿ ನೇರ ಇರಲ್ಲ. ಅದಕ್ಕೆ ಮೊದಲು ನಾಲ್ಕೂ ಮುಖಕ್ಕೆ ನಡುಗೆರೆ ಹೊಡೆಯಿರಿ, ಎಲ್ಲ ಅಳತೆಯೂ ಆ ಗೆರೆಯಿಂದಲೇ ಹೋಗಲಿ. ಮರ ಸ್ವಲ್ಪ ಸೊಟ್ಟ ಇದ್ದರೂ ಜೋಡಣೆ ನೇರ ಬರುತ್ತದೆ.

120 ಮಿ.ಮೀ. ಚೌಕದ ಮರ ಇಟ್ಟುಕೊಳ್ಳೋಣ. ಜೋಡಣೆಯ ಉದ್ದ ಅದರ ಮೂರು ಪಟ್ಟು, 360 ಮಿ.ಮೀ. ಎರಡು ತುಂಡಿಗೂ ಗೆರೆ ಒಂದೇ. ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ಇನ್ನೊಂದಕ್ಕೆ ಕೂರುತ್ತದೆ.

ಪಕ್ಕದ ಮುಖದಲ್ಲಿ ಹೀಗೆ ಬರೆಯಿರಿ. ತುದಿಯಿಂದ 377 ಮಿ.ಮೀ. ಹಿಂದೆ ಅಡ್ಡಗೆರೆ ಹಾಕಿ. ಇದು ಭುಜ, ಇದನ್ನು ಸೊನ್ನೆ ಅಂತ ಹಿಡಿಯಿರಿ. ಅಲ್ಲಿಂದ ತುದಿ ಕಡೆಗೆ 171, 189, 360ರಲ್ಲಿ ಇನ್ನೂ ಮೂರು ಗೆರೆ. ಈಗ ಉಳಿಯಬೇಕಾದ ಮರದ ದಪ್ಪ ಗುರುತಿಸಿ, ಎಲ್ಲವೂ ಕೆಳಗಿನ ಮುಖದಿಂದ. ಸೊನ್ನೆಯಲ್ಲಿ 69 ಮಿ.ಮೀ., ಅಲ್ಲಿಂದ ಇಳಿಜಾರಾಗಿ 171ರ ಹೊತ್ತಿಗೆ 51. 171ರಿಂದ 189ರವರೆಗೆ 51ರಲ್ಲೇ ಸಪಾಟು. 189ರಲ್ಲಿ ನೇರ ಮೇಲೆದ್ದು ಮತ್ತೆ 69, ಇದೇ ಮೆಟ್ಟಿಲು. ಅಲ್ಲಿಂದ 360ಕ್ಕೆ ಮತ್ತೆ ಇಳಿಜಾರಾಗಿ 51. ತುದಿಯಲ್ಲಿ ಉಳಿದ 17 ಮಿ.ಮೀ. ನಾಲಿಗೆ. ತುದಿಯ 51 ಮಿ.ಮೀ. ದಪ್ಪದ ನಡುವೆ ಅದು 18 ಮಿ.ಮೀ. ದಪ್ಪ ಇರಲಿ. ಭುಜದ ಮುಖದ ನಡುವೆ 18 ಅಗಲ, 18 ಆಳದ ಕುಳಿ ಬರೆಯಿರಿ.

ಈ ಅಳತೆಗಳು ಸುಮ್ನೆ ಬಂದದ್ದಲ್ಲ. ಎರಡು ತುಂಡು ಪೂರ್ತಿ ಸೇರಿದಾಗ ನಟ್ಟನಡುವೆ 18 ಮಿ.ಮೀ. ಚೌಕದ ಕಿಂಡಿ ಉಳಿಯುತ್ತದೆ. ಕೀಲಿನ ಜಾಗ ಅದು. ನಾಲಿಗೆ 17 ಇರುವುದರಿಂದ ತುಂಡುಗಳನ್ನು ಅಷ್ಟು ದೂರ ಸರಿಸಿ ಪಕ್ಕದಿಂದ ಸೇರಿಸಬಹುದು, ನಡುವಿನ ಮೆಟ್ಟಿಲುಗಳು ತಾಗಲ್ಲ. ಆಮೇಲೆ ಒಂದಕ್ಕೊಂದು ತಳ್ಳಿದರೆ ನಾಲಿಗೆ ಕುಳಿಗೆ ಹೋಗುತ್ತದೆ, ಇಳಿಜಾರುಗಳು ಒಂದನ್ನೊಂದು ಒತ್ತುತ್ತವೆ, ಕಿಂಡಿ ತೆರೆಯುತ್ತದೆ. ಕೀಲು ಹೊಡೆದರೆ ಅದು ಎರಡು ಮೆಟ್ಟಿಲನ್ನೂ ತಳ್ಳಿ ತುಂಡುಗಳನ್ನು ಇನ್ನೂ ಒಳಕ್ಕೆ ಎಳೆಯುತ್ತದೆ. ನಾಲಿಗೆಯ ಉದ್ದಕ್ಕಿಂತ ಕಿಂಡಿ ಕಿರಿದಾದರೆ ಜೋಡಣೆ ಸೇರುವುದೇ ಇಲ್ಲ. ಬೇರೆ ದಪ್ಪದ ಮರಕ್ಕೆ ಅಳತೆ ಬದಲಿಸುವಾಗ ಇದೊಂದನ್ನು ಮರೆಯಬೇಡಿ.

ಇಲ್ಲಿ ಹೇಳಿದ್ದು ಕಲಿಯುವವರ ನೇರ ನಾಲಿಗೆ. ಪಕ್ಕಕ್ಕೆ ಜಾರುವುದನ್ನು ಇದು ಪೂರ್ತಿ ತಡೆಯಲ್ಲ. ಪಳಗಿದವರು ನಾಲಿಗೆಯನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಮಾಡುತ್ತಾರೆ, ಆಗ ಎರಡೂ ದಿಕ್ಕಿಗೆ ಹಿಡಿತ ಸಿಗುತ್ತದೆ. ಭಾರ ಹೊರುವ ಜಾಗಕ್ಕೆ ಅದೇ ಬೇಕು.

ಹಂತ 4: ಕತ್ತರಿಸುವುದು

ಜಪಾನಿನ ಗರಗಸ ಎಳೆಯುವಾಗ ಕತ್ತರಿಸುತ್ತದೆ. ಹಾಗಾಗಿ ಅಲಗು ತೆಳುವಾಗಿರುತ್ತದೆ, ಸೀಳು ಸಣ್ಣದಾಗಿ ಬರುತ್ತದೆ. ತೋಪಡವನ್ನೂ ಅಲ್ಲಿ ತಮ್ಮ ಕಡೆಗೇ ಎಳೆಯುತ್ತಾರೆ. ಆ ಹತಾರ ಇದ್ದರೆ ಚೆನ್ನ, ಇಲ್ಲದಿದ್ದರೆ ನಮ್ಮ ಹತಾರದಲ್ಲೇ ಆಗುತ್ತದೆ. ಹರಿತ ಮಾತ್ರ ಇರಲೇಬೇಕು. ಉಳಿಯ ಹಿಂಬದಿಯನ್ನು ಸಾಣೆಕಲ್ಲಿನ ಮೇಲೆ ಕನ್ನಡಿಯ ಹಾಗೆ ಸಪಾಟು ಮಾಡಿ. ಆ ಮುಖವೇ ಕುಳಿಯ ಗೋಡೆಗೆ ದಾರಿ ತೋರಿಸುವುದು.

ಮರ ಇಡಿಯಾಗಿರುವಾಗಲೇ ಕುಳಿ ತೋಡಿ. ಅದು ಎರಡೂ ಪಕ್ಕಕ್ಕೆ ತೆರೆದಿರುವುದರಿಂದ ಒಂದು ಪಕ್ಕದಿಂದ ಅರ್ಧ, ಇನ್ನೊಂದರಿಂದ ಅರ್ಧ ಡ್ರಿಲ್ ಮಾಡಿ, ಉಳಿಯಲ್ಲಿ ಚೌಕ ಮಾಡಿ. ಆಮೇಲೆ ಭುಜದ ಗೆರೆಯಲ್ಲಿ 69ರ ಗುರುತಿನವರೆಗೆ ಅಡ್ಡ ಕತ್ತರಿಸಿ. ತುದಿಯಿಂದ 189ರವರೆಗೆ ಇಳಿಜಾರಿನ ಗುಂಟ ಸೀಳಿ. ಭುಜದ ಕಡೆಯ ಅರ್ಧ ಹಾಗೆ ಸೀಳಲು ಬರಲ್ಲ. ಅಲ್ಲಿ ಬೆರಳಗಲಕ್ಕೆ ಒಂದರಂತೆ ಗೆರೆಯವರೆಗೆ ಅಡ್ಡ ಗೀರು ಹಾಕಿ, ಉಳಿಯಿಂದ ತುಂಡು ತುಂಡಾಗಿ ಎಬ್ಬಿಸಿ. ಕೊನೆಗೆ ನಾಲಿಗೆ.

ಗರಗಸ ಗೆರೆಯ ಬಿಸಾಡುವ ಕಡೆ ಓಡಬೇಕು, ಉಳಿಯುವ ಮರದ ಮೇಲೆ ಅರ್ಧ ಗೆರೆ ಕಾಣಬೇಕು. ಗೆರೆ ಪೂರ್ತಿ ಉಳಿದರೆ ಜೋಡಣೆ ಸೇರಲ್ಲ, ಪೂರ್ತಿ ಹೋದರೆ ಸಡಿಲ. ಎರಡೂ ಪಕ್ಕದ ಗೆರೆಯನ್ನು ಆಗಾಗ ತಿರುಗಿಸಿ ನೋಡುತ್ತಿರಿ. ಇಳಿಜಾರಿನ ನಡುಭಾಗ ಉಬ್ಬಿ ಉಳಿಯುವುದೇ ಸಾಮಾನ್ಯ ತೊಂದರೆ. ಮೂಲೆಮಟ್ಟದ ಅಂಚನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಉಬ್ಬು ಗೊತ್ತಾಗುತ್ತದೆ. ನಡುವೆ ಒಂದು ಕೂದಲಷ್ಟು ತಗ್ಗಿದ್ದರೆ ಪರವಾಗಿಲ್ಲ, ಉಬ್ಬು ಇರಬಾರದು.

ಹಂತ 5: ಕೂರಿಸಿ ಕೀಲು ಹೊಡೆಯುವುದು

ಮೆದು ಮರವಾದರೆ ಸೇರಿಸುವ ಮೊದಲು ನಾಲಿಗೆಯ ಮುಖಗಳಿಗೆ ಸುತ್ತಿಗೆಯ ಸ್ವಲ್ಪ ಗುಂಡಗಿನ ಮುಖದಿಂದ ಮೆಲ್ಲಗೆ ಬಡಿಯಿರಿ. ಎಳೆಗಳು ಒತ್ತಿಕೊಂಡು ನಾಲಿಗೆ ಸುಲಭವಾಗಿ ಒಳಗೆ ಹೋಗುತ್ತದೆ. ಆಮೇಲೆ ಗಾಳಿಯ ತೇವ ಹೀರಿ ಮತ್ತೆ ಉಬ್ಬಿ ಕುಳಿಯನ್ನು ತುಂಬುತ್ತದೆ. ಇದಕ್ಕೆ ಕಿಗೊರೋಶಿ ಅಂತಾರೆ. ಅಂಚಿಗೆ ಬಡಿಯಬೇಡಿ, ಒಡೆಯುತ್ತದೆ. ತೇಗದಂಥ ಮರದಲ್ಲಿ ಇದನ್ನು ನಂಬಬೇಡಿ, ಉಳಿಯಿಂದಲೇ ಸರಿಯಾಗಿ ಕೂರಿಸಿ.

ಕೀಲನ್ನು ಒಂದೇ ತುಂಡಾಗಿ ಮಾಡುವುದಕ್ಕಿಂತ ಎರಡು ಬೆಣೆಯಾಗಿ ಮಾಡಿ. ಒಂದೊಂದೂ ಸುಮಾರು 160 ಮಿ.ಮೀ. ಉದ್ದ, ಉದ್ದಕ್ಕೂ ಎರಡು ಮಿ.ಮೀ.ನಷ್ಟು ಇಳಿಜಾರು. ಎಳೆ ಉದ್ದಕ್ಕೆ ಓಡಿರಲಿ. ಒಂದನ್ನು ಎಡದಿಂದ, ಇನ್ನೊಂದನ್ನು ಬಲದಿಂದ, ಇಳಿಜಾರಿಗೆ ಇಳಿಜಾರು ತಾಗುವ ಹಾಗೆ ತೂರಿಸಿ. ಎರಡೂ ಕಡೆ ಒಂದೊಂದು ಪೆಟ್ಟು ಕೊಡುತ್ತಾ ಹೋಗಿ. ಶುರುವಿನಲ್ಲಿ ಸದ್ದು ಮಂದವಾಗಿರುತ್ತದೆ. ಭುಜದ ಸಂದು ಕಣ್ಣೆದುರೇ ಮುಚ್ಚುತ್ತಾ ಬರುತ್ತದೆ. ಸಂದು ಮುಚ್ಚಿದ ಕ್ಷಣಕ್ಕೆ ಸದ್ದು ಗಟ್ಟಿಯಾಗಿ, ಚುರುಕಾಗಿ ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಆಮೇಲೂ ಹೊಡೆದರೆ ಮೆಟ್ಟಿಲಿನ ಮೂಲೆಯಿಂದ ಮರ ಎಳೆಯ ಗುಂಟ ಸೀಳಿಬಿಡುತ್ತದೆ. ಉಳಿದ ತುದಿಯನ್ನು ಪೂರ್ತಿ ಸವರಬೇಡಿ, ಬೆರಳಗಲ ಬಿಡಿ. ಅಂಟು ಖಂಡಿತ ಬೇಡ.

ಹಂತ 6: ನಿಂತ ಕಂಬದ ಬುಡ ಬದಲಿಸುವುದು

ಮೊದಲು ಯಾಕೆ ಕೊಳೆಯಿತು ಅಂತ ನೋಡಿ. ಮಳೆ ನೀರು ಚಿಮ್ಮುತ್ತಾ, ಗಾಳಿ ಆಡದ ಸಿಮೆಂಟ್ ಮೆತ್ತಿದ್ದಾರಾ, ಗೆದ್ದಲಾ? ಅದು ಸರಿಯಾಗದಿದ್ದರೆ ಹೊಸ ಬುಡವೂ ಕೊಳೆಯುತ್ತದೆ. ಚೂಪಾದ ದಬ್ಬಣದಿಂದ ಕೆಳಗಿನಿಂದ ಮೇಲಕ್ಕೆ ಚುಚ್ಚುತ್ತಾ ಹೋಗಿ. ಗಟ್ಟಿ ಮರ ಸಿಕ್ಕ ಮೇಲೂ ಒಂದು ಗೇಣು ಬಿಟ್ಟು ಅಲ್ಲಿಂದ ಮೇಲೆ ಜೋಡಣೆ ಶುರುವಾಗಲಿ. ಆದರೆ ಅದು ಕಂಬದ ನಡುಭಾಗಕ್ಕೆ ಬರುವಷ್ಟು ಮೇಲೆ ಹೋಗಬಾರದು.

ಆಮೇಲೆ ತೊಲೆಗೆ ಕಂಬದ ಎರಡೂ ಕಡೆ ಆಸರೆ ಕೊಟ್ಟು ಭಾರ ಜ್ಯಾಕ್ ಮೇಲೆ ಬರಲಿ. ಈ ಹಂತದಲ್ಲಿ ಎಂಜಿನಿಯರ್ ಮತ್ತು ಅನುಭವ ಇರುವ ಬಡಗಿ ಪಕ್ಕದಲ್ಲಿ ಇರಲೇಬೇಕು. ಕೊಳೆತ ಭಾಗ ತೆಗೆದು, ನಿಂತ ಕಂಬದ ತುದಿಯಲ್ಲಿ ಮೇಲೆ ಹೇಳಿದ ಗೆರೆಗಳನ್ನೇ ಹಾಕಿ, ನಾಲಿಗೆ ಮಾತ್ರ ಟಿ ಆಕಾರದಲ್ಲಿ ಬರುವಂತೆ ಕತ್ತರಿಸಿ. ತಲೆ ಎತ್ತಿ ಕೆಲಸ ಮಾಡುವುದು ಕಷ್ಟ, ನಿಧಾನ ಇರಲಿ. ಹೊಸ ಬುಡದ ಕೆಳಮುಖವನ್ನು ತಳಗಲ್ಲಿನ ಉಬ್ಬುತಗ್ಗಿಗೆ ಸರಿಯಾಗಿ ಕೆತ್ತಬೇಕು. ಬುಡವನ್ನು ಕಲ್ಲಿನ ಮೇಲೆ ನೇರ ನಿಲ್ಲಿಸಿ, ಕೈವಾರದ ಒಂದು ಕಾಲು ಕಲ್ಲಿನ ಮೇಲೆ ಓಡಿಸಿದರೆ ಇನ್ನೊಂದು ಕಾಲು ಮರದ ಮೇಲೆ ಅದೇ ಆಕಾರ ಗೀರುತ್ತದೆ.

ಈಗ ಕಂಬವನ್ನು ನಾಲಿಗೆಯ ಉದ್ದಕ್ಕಿಂತ ತುಸು ಕಡಿಮೆ ಎತ್ತಿದರೆ ಸಾಲದು, ಪೂರ್ತಿ 17 ಮಿ.ಮೀ. ಎತ್ತಬೇಕು. ಮೇಲಿನ ಗೋಡೆ ಅಷ್ಟು ತಡೆಯದು ಅನ್ನಿಸಿದರೆ ತಳಗಲ್ಲನ್ನೇ ತಗ್ಗಿಸಿ ಆಮೇಲೆ ಮೇಲೆತ್ತುವ ದಾರಿ ಇದೆ. ಹೊಸ ಬುಡವನ್ನು ಪಕ್ಕದಿಂದ ಸೇರಿಸಿ, ಕಂಬ ಇಳಿಸಿ, ಕೀಲು ಹೊಡೆಯಿರಿ. ಭಾರ ಮೇಲೆ ಬಿದ್ದಾಗ ಭುಜಗಳು ಇನ್ನಷ್ಟು ಒತ್ತಿಕೊಳ್ಳುತ್ತವೆ.

ಹಂತ 7: ಹೊಸ ಕಟ್ಟಡಕ್ಕೆ ತರುವುದು

ಕಬ್ಬಿಣ ಸೋಕಲೇಬಾರದು ಅನ್ನುವ ಹಟ ನನಗೆ ಸರಿ ಕಾಣಲ್ಲ. ಜಪಾನಿನಲ್ಲೇ 1995ರ ಕೋಬೆ ಭೂಕಂಪದಲ್ಲಿ ಹಳೇ ಮರದ ಮನೆಗಳು ಕುಸಿದು ಸಾವಿರಾರು ಜನ ಸತ್ತರು. 2000ದಲ್ಲಿ ಕಟ್ಟಡ ನಿಯಮ ಬಿಗಿಯಾಗಿ, ಸಾಮಾನ್ಯ ಮರದ ಮನೆಗಳ ಕಂಬದ ಜೋಡಣೆಗೆ ಲೋಹದ ಹಿಡಿತ ಎಲ್ಲಿ, ಎಂಥದ್ದು ಅನ್ನುವುದು ನಿಗದಿಯಾಯಿತು. ಒಸಾಕಾದಲ್ಲಿ 2025ರ ಎಕ್ಸ್‌ಪೋಗೆ ಸೌ ಫುಜಿಮೋಟೊ ವಿನ್ಯಾಸ ಮಾಡಿದ ಗ್ರ್ಯಾಂಡ್ ರಿಂಗ್ ಸುಮಾರು ಎರಡು ಕಿ.ಮೀ. ಸುತ್ತಳತೆಯ ಮರದ ಕಟ್ಟಡ ಆಗಿತ್ತು. ಕಂಬದ ತೂತಿನೊಳಗೆ ಅಡ್ಡಮರ ಹಾಯುವ ನುಕಿ ಪದ್ಧತಿ ಅಲ್ಲಿತ್ತು. ನಾರಾದ ತೋದಾಯಿಜಿ ದೇವಾಲಯದಲ್ಲಿ 1199ರಲ್ಲಿ ಮತ್ತೆ ಕಟ್ಟಿದ ದಕ್ಷಿಣ ಮಹಾದ್ವಾರದಲ್ಲಿ ಕಾಣುವುದೂ ಇದೇ. ಆದರೆ ರಿಂಗ್‌ನಲ್ಲಿ ನುಕಿಗೆ ಲೋಹದ ಬಲವೂ ಸೇರಿತ್ತು. ಬಿಚ್ಚಲು ಬರುವ ಬೋಲ್ಟ್ ಇದ್ದರೆ ತಪ್ಪೇನಿಲ್ಲ.

ಲೋಹ ಇಲ್ಲದೆಯೂ ಆಗುತ್ತದೆ ಅನ್ನುವುದಕ್ಕೆ ಜ್ಯೂರಿಕ್‌ನ ಟಮೀಡಿಯಾ ಕಚೇರಿ ಇದೆ. ಶಿಗೆರು ಬಾನ್ ವಿನ್ಯಾಸದ ಈ ಏಳು ಮಹಡಿಯ ಕಟ್ಟಡ 2013ರಲ್ಲಿ ಮುಗಿಯಿತು. ಅದರ ಮರದ ಚೌಕಟ್ಟನ್ನು ಹಿಡಿದಿರುವುದು ಬೀಚ್ ಮರದ ಮೊಟ್ಟೆಯಾಕಾರದ ಕೀಲುಗಳು. ಕೆಂಗೊ ಕುಮಾ 2010ರಲ್ಲಿ ಐಚಿ ಪ್ರಾಂತ್ಯದ ಕಸುಗಾಯಿಯಲ್ಲಿ ಕಟ್ಟಿದ ಜಿಸಿ ಪ್ರೋಸ್ಥೋ ಮ್ಯೂಸಿಯಂ ನನಗೆ ಇನ್ನೂ ಹತ್ತಿರ. ಚಿದೊರಿ ಅನ್ನುವ ಆಟಿಕೆಯ ಜೋಡಣೆಯನ್ನೇ ದೊಡ್ಡದು ಮಾಡಿ, 6 ಸೆಂ.ಮೀ. ಚೌಕದ ಸಣ್ಣ ಮರಗಳಿಂದ ಕಟ್ಟಡದ ಮರದ ಜಾಲರಿ ಹೆಣೆದಿದ್ದಾರೆ. ನೆಡುತೋಪಿನ ತೆಳು ಮರಕ್ಕೂ ಬೆಲೆ ಬರುವುದು ಹೀಗೆ.

ಕೈಕೆಲಸ ತುಂಬಾ ದುಬಾರಿ ಅನ್ನುವವರಿಗೆ ಒಂದು ಮಾತು. ಜಪಾನಿನಲ್ಲಿ ಈಗ ಕಟ್ಟುವ ಬಹುತೇಕ ಕಂಬ-ತೊಲೆ ಮನೆಗಳ ಮರ ಕಾರ್ಖಾನೆಯಲ್ಲೇ ಯಂತ್ರದಿಂದ ಕತ್ತರಿಸಿ ಬರುತ್ತದೆ. ಯಂತ್ರದ ಮೂಲೆ ಗುಂಡಗೆ ಬರುವುದರಿಂದ ಕುಳಿ-ನಾಲಿಗೆಯ ಆಕಾರ ಸ್ವಲ್ಪ ಬದಲಾಗಿದೆ ಅಷ್ಟೇ. ಸಿ.ಎನ್.ಸಿ. (ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಯಂತ್ರ) ಇರುವವರು ಇದೇ ದಾರಿ ಹಿಡಿಯಬಹುದು. ಮರ ಓದುವುದನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ.

ಬೆಂಕಿಯ ಲೆಕ್ಕವೂ ಇರಲಿ. ಮೆದು ಮರ ಬೆಂಕಿಯಲ್ಲಿ ನಿಮಿಷಕ್ಕೆ ಸುಮಾರು 0.7 ಮಿ.ಮೀ. ಕರಿಯಾಗುತ್ತಾ ಹೋಗುತ್ತದೆ. ಅರ್ಧ ಗಂಟೆ ತಡೆಯಬೇಕಾದರೆ ಬೆಂಕಿ ತಾಗುವ ಪ್ರತಿ ಮುಖಕ್ಕೂ ಸುಮಾರು 21 ಮಿ.ಮೀ. ಜಾಸ್ತಿ ದಪ್ಪ ಬೇಕು. ಜೋಡಣೆಯ ನಾಲಿಗೆ, ಮೆಟ್ಟಿಲು ಆ ಪದರದ ಒಳಗಿನ ಮರದಲ್ಲಿ ಬರುವಂತೆ ಮರದ ಗಾತ್ರ ಆರಿಸಿ.

ಹಂತ 8: ಗುರುತು ಮತ್ತು ನಿಗಾ

ಜಪಾನಿನ ಬಡಗಿಗಳು ನಕ್ಷೆಯ ಒಂದು ದಿಕ್ಕಿಗೆ ಅಕ್ಷರ, ಇನ್ನೊಂದಕ್ಕೆ ಅಂಕಿ ಕೊಟ್ಟು, ಪ್ರತಿ ಕಂಬದ ಮೇಲೂ ಅದರ ಗುರುತನ್ನು ಶಾಯಿಯಲ್ಲಿ ಬರೆಯುತ್ತಾರೆ. ಎಲ್ಲ ಗುರುತೂ ಒಂದೇ ದಿಕ್ಕಿನ ಮುಖದಲ್ಲಿ ಇರುತ್ತವೆ. ಹಾಗಾಗಿ ಬಿಚ್ಚಿದ ಮರವನ್ನು ಯಾವ ಕಡೆ ತಿರುಗಿಸಿ ನಿಲ್ಲಿಸಬೇಕು ಅಂತಲೂ ಗೊತ್ತಾಗುತ್ತದೆ. ನೀವು ಕ, ಖ, ಗ ಮತ್ತು 1, 2, 3 ಬಳಸಿ. ಕೀಲು ಯಾವ ಕಡೆಯಿಂದ ಹೊರಬರುತ್ತದೆ ಅನ್ನುವ ಬಾಣದ ಗುರುತೂ ಇರಲಿ. ನಕ್ಷೆಯ ಒಂದು ಪ್ರತಿಯನ್ನು ಮನೆಯ ಕಾಗದಪತ್ರದ ಜೊತೆ ಇಡಿ.

ಮೊದಲ ಮಳೆಗಾಲ ಮತ್ತು ಮೊದಲ ಬೇಸಿಗೆ ಮುಗಿದ ಮೇಲೆ ಪ್ರತಿ ಕೀಲಿಗೂ ಸುತ್ತಿಗೆಯಿಂದ ಸಣ್ಣಗೆ ತಟ್ಟಿ. ಮಂದ ಸದ್ದು ಬಂದರೆ ಹೊರಗೆ ಉಳಿದಿರುವ ಬೆರಳಗಲದ ತುದಿಗೆ ಎರಡು ಪೆಟ್ಟು ಹಾಕಿ. ಅದೂ ಮುಗಿದು ಕೀಲು ಪೂರ್ತಿ ಒಳಹೋದರೆ ಹೊರಗೆ ತೆಗೆದು ಸ್ವಲ್ಪ ದಪ್ಪದ ಹೊಸ ಕೀಲು ಹಾಕಿ.